ಬೆಳಕಿನ ದಾರಿ ತಿದ್ದಲು ನ್ಯಾನೋ ಲ್ಯಾಬೇ ಬೇಕಿಲ್ಲ

ಫೈನಲ್ ಇಯರ್ ಪ್ರಾಜೆಕ್ಟಿಗೆ ಫೋಟೊನಿಕ್ ಕ್ರಿಸ್ಟಲ್ ಅಂದಕೂಡಲೇ ನಮ್ಮಲ್ಲಿ ಬರುವ ಉತ್ತರ ಒಂದೇ: "ಅದಕ್ಕೆಲ್ಲಾ ಐಐಎಸ್‌ಸಿಯಂಥ ಕಡೆ ನ್ಯಾನೋ ಲ್ಯಾಬ್ ಬೇಕ್ರಿ, ನಮ್ಮಿಂದ ಆಗೋದಲ್ಲ." ಆಮೇಲೆ ರೊಕ್ಕ ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರೋದು. ಈ ಮಾತನ್ನು ನಾವು ಒಪ್ಪೋದಿಲ್ಲ.

ಸಮ ಅಂತರದಲ್ಲಿ ಸಾಲುಸಾಲಾಗಿ ಕಡ್ಡಿ ನಿಲ್ಲಿಸಿದರೆ ಕೆಲವು ತರಂಗಾಂತರದ ಬೆಳಕು ಅದರೊಳಗೆ ಹಾಯಲಾರದು. 1987ರಲ್ಲಿ ಯಾಬ್ಲೊನೊವಿಚ್ ಮತ್ತು ಸಜೀವ್ ಜಾನ್ ಬೇರೆಬೇರೆಯಾಗಿ ಮುಂದಿಟ್ಟ ವಿಚಾರದ ತಿರುಳು ಇದು. ನಡುವಿನ ಒಂದು ಸಾಲು ಕಿತ್ತರೆ ಬೆಳಕು ಆ ದಾರಿಯಲ್ಲಷ್ಟೇ ಸಾಗುತ್ತದೆ, ಅದೇ ವೇವ್‌ಗೈಡ್. ತೊಂದರೆ ಇರೋದು ಕೊನೆಯಲ್ಲಿ. ಬಾಯಿ ತರಂಗಾಂತರಕ್ಕಿಂತ ಕಿರಿದು, ಹಾಗಾಗಿ ಹೊರಬಂದ ಬೆಳಕು ಎಲ್ಲಾ ಕಡೆ ಹರಡುತ್ತದೆ. ಉಗಾರ ಬುದ್ರುಕದ ಕಬ್ಬಿನ ಹೊಲದಲ್ಲಿ ಪೈಪಿನ ನೀರು ಹರಡಿದ ಹಾಗೆ. ಅಲ್ಲಿ ಮಣ್ಣೇರಿಸಿ ನೀರನ್ನು ಸಾಲಿಗೆ ತಿರುಗಿಸ್ತಾರೆ. ಬೆಳಕಿಗೆ ಒಡ್ಡು ಬೇಕಿಲ್ಲ. ಬಾಯಿಯ ಅಕ್ಕಪಕ್ಕದ ಕೊನೇ ಸಾಲಿನ ಕಡ್ಡಿಗಳನ್ನು ತೆಳುಮಾಡಿ, ಒಂದು ಬಿಟ್ಟು ಒಂದನ್ನು ತುಸು ಬದಲಿಸಿದರೆ ಸಾಕು. ಮೇಲ್ಮೈಗುಂಟ ಸರಿದ ಅಲೆಗಳು ಅಲ್ಲಿಂದ ಚದುರಿ, ಮುಂದೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಪಕ್ಕಕ್ಕೆ ಒಂದನ್ನೊಂದು ಅಳಿಸುತ್ತವೆ. ಬೆಳಕು ನೇರ ಕೋಲಾಗಿ ಹೊರಡುತ್ತದೆ. 2004ರಲ್ಲೇ ಇದನ್ನು ಲೆಕ್ಕದಲ್ಲೂ ಪ್ರಯೋಗದಲ್ಲೂ ತೋರಿಸಿದ್ದಾರೆ.

ನಮಗೆ ಅನುಕೂಲವಾಗೋದು ಮ್ಯಾಕ್ಸ್‌ವೆಲ್ ಸಮೀಕರಣಗಳ ಒಂದು ಗುಣ: ರಚನೆ ದೊಡ್ಡದು ಮಾಡಿ, ತರಂಗಾಂತರವನ್ನೂ ಅಷ್ಟೇ ಪಟ್ಟು ಹಿಗ್ಗಿಸಿದರೆ ಫಲಿತಾಂಶ ಅದೇ. ಅಂದರೆ ಇಸಿ ವಿಭಾಗದ ಎಕ್ಸ್-ಬ್ಯಾಂಡ್ ಬೆಂಚ್ ಸಾಕು. 10 ಗಿಗಾಹರ್ಟ್ಸ್‌ಗೆ ತರಂಗಾಂತರ 3 ಸೆಂ.ಮೀ. ಸುಮಾರು 4.5 ಮಿ.ಮೀ. ದಪ್ಪದ ಅಲ್ಯುಮಿನಾ ಕಡ್ಡಿಗಳನ್ನು 1.1 ಸೆಂ.ಮೀ. ಅಂತರದಲ್ಲಿ ಚೌಕಚೌಕವಾಗಿ ನಿಲ್ಲಿಸಬೇಕು. ವಿದ್ಯುತ್ ಕ್ಷೇತ್ರ ಕಡ್ಡಿಗೆ ಸಮಾಂತರ ಇರಬೇಕು. ಹಾರ್ನ್ ಆಂಟೆನಾ ತಿರುಗಿಸುತ್ತಾ ಅಳೆದರೆ ಬೀಮ್ ಗೊತ್ತಾಗುತ್ತದೆ. ಅದಕ್ಕೂ ಮೊದಲು ಎಂಐಟಿಯಲ್ಲಿ ಹುಟ್ಟಿದ ಉಚಿತ ತಂತ್ರಾಂಶ ಮೀಪ್‌ನಲ್ಲಿ ಎರಡು ಆಯಾಮದ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲೇ ಮಾಡಬಹುದು.

ಕಡ್ಡಿ ಪುಕ್ಕಟೆ ಸಿಗೋದಿಲ್ಲ, ನಿಜ. ಎಣಿಸಿದ ಫಲ ಮೊದಲ ಸಲಕ್ಕೇ ಬರೋದೂ ಕಷ್ಟ. ಆದರೆ ಯಾಕೆ ಬರಲಿಲ್ಲ ಅಂತ ಹುಡುಕುವಾಗ ಕಲಿಯೋದು ಕೊಂಡುತಂದ ಪ್ರಾಜೆಕ್ಟಿನಲ್ಲಿ ಇರೋದಿಲ್ಲ. ಇಂಟರ್‌ವ್ಯೂದಲ್ಲಿ ಎರಡನೇ ಪ್ರಶ್ನೆಗೇ ಆ ಪ್ರಾಜೆಕ್ಟಿನ ಬಣ್ಣ ಬಯಲಾಗುತ್ತದೆ.

ಉಗಾರ ಬುದ್ರುಕದಂಥ ಊರುಗಳಲ್ಲಿ ಕಬ್ಬಿನ ಬಿಲ್ ಬಂದಮೇಲೆ ಮಕ್ಕಳ ಫೀ ಕಟ್ಟುವ ಮನೆಗಳಿವೆ. ಆ ರೊಕ್ಕ ಕೊಂಡುತಂದ ರಿಪೋರ್ಟಿಗೆ ಹೋಗಬಾರದು. ಅದಕ್ಕೇ ನಮ್ಮ ವಿಭಾಗಗಳಿಗೆ ಒಂದು ಕೋರಿಕೆ: ಮುಂದಿನ ವರ್ಷದ ಪ್ರಾಜೆಕ್ಟ್ ಪಟ್ಟಿಯಲ್ಲಿ ಇದನ್ನೂ ಸೇರಿಸಿ, ಮೈಕ್ರೋವೇವ್ ಲ್ಯಾಬನ್ನು ಸಂಜೆಯೂ ತೆರೆದಿಡಿ. ವೈವಾದಲ್ಲಿ ಕನ್ನಡದಲ್ಲೂ ಒಂದು ಪ್ರಶ್ನೆ ಕೇಳಿ: ಈ ಬೆಳಕು ನೇರ ಹೋಗಿದ್ದು ಹೇಗೆ?