ಕೆರೆಯ ಹಕ್ಕಿ ಲೆಕ್ಕ ನಾವೇ ಬರೆಯೋಣ

ಕಾರ್ತಿಕ ಕಳೆದು ಚಳಿ ಕಚ್ಚುವ ಹೊತ್ತಿಗೆ ನಮ್ಮ ಮಡಕಶಿರಾ, ಹಿಂದೂಪುರ ಸೀಮೆಯ ಕೆರೆಗಳಿಗೆ, ನೀರಿದ್ದ ವರ್ಷ, ಬಾತುಗಳು ಬಂದಿಳಿಯುತ್ತವೆ. ಕೆರೆಗೆ ತೆಲುಗಿನಲ್ಲಿ ಚೆರುವು, ಕೊಕ್ಕರೆಗೆ ಕೊಂಗ. ಬಾತಿಗೆ ಮಾತ್ರ ಎರಡು ಭಾಷೆಯಲ್ಲೂ ಬಾತು ಅಂತಲೇ ಹೆಸರು! ಸೂಜಿಬಾಲದ ಬಾತು, ಚಮಚದಂಥ ಕೊಕ್ಕಿನ ಬಾತು ಹಿಮಾಲಯದ ಆಚೆಯಿಂದ ಬರುವಂಥವು. ವರಟೆ, ಗುಳುಮುಳುಕ ಇಲ್ಲೇ ನೀರು ಹುಡುಕಿಕೊಂಡು ತಿರುಗುವಂಥವು.

1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ಕೆರೆಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಒಳ್ಳೆ ಕೆಲಸ. ನಮ್ಮ ಕಡೆಗೂ ಬೆಂಗಳೂರಿನಿಂದ ದುರ್ಬೀನು ಹಿಡಿದವರು ಬರ್ತಾರೆ. ಎಣಿಸಿ, ಬರಕೊಂಡು, ಟೀ ಕುಡಿದು ಹೋಗ್ತಾರೆ. ರಾತ್ರಿ ಭತ್ತದ ಒಟ್ಲಿಗೆ ವರಟೆ ಬಿದ್ದ ರೈತನನ್ನು ಒಬ್ಬರೂ ಮಾತಾಡಿಸಲ್ಲ. ನಾನೇ ಒಂದು ವರ್ಷ ಡಬ್ಬ ಬಡಿದು, ಪಟಾಕಿ ಹೊಡೆದು ಓಡಿಸಿದವನು, ಸುಳ್ಳು ಯಾಕೆ? ಪದ್ಯ ಬರೆಯೋನಿಗೂ ಅನ್ನ ಬೇಕು.

ಆದರೆ ನನ್ನ ಹೆದರಿಕೆ ಹಕ್ಕಿಯದಲ್ಲ. 2022ರಲ್ಲಿ ಜಯಮಂಗಲಿ, ಪೆನ್ನೆ ತುಂಬಿ ಹರಿದವು. ನಮ್ಮೂರ ಕೆರೆಯೂ ಕೋಡಿ ಬಿತ್ತು. ಮುಂದಿನ ಜನವರಿಯಲ್ಲಿ ನೀರು ಕಾಣದಷ್ಟು ಬಾತು. ಅದಾದ ಮೇಲೊಂದು ವರ್ಷ, ಬಲೆ ಎಳೆಯೋದು ಸುಲಭವಾಗಲಿ ಅಂತ ಮೀನಿನ ಗುತ್ತಿಗೆದಾರ ಸಂಕ್ರಾಂತಿಗೇ ತೂಬು ಎತ್ತಿಸಿದ. ನಾಲ್ಕು ದಿನಕ್ಕೆ ಹಕ್ಕಿ ಖಾಲಿ. ಬೇಸಿಗೆಗೆ ಏರಿ ಹಿಂದಿನ ನನ್ನ ಬಾವಿಯೂ ಖಾಲಿ. ದೂರು ಹೇಳಲು ಹೋದರೆ, "ಕೆರೇಲಿ ಎಷ್ಟು ನೀರಿತ್ತು? ದಾಖಲೆ ಏನೈತೆ?" ಅಂದರು. ನನ್ನ ಹತ್ತಿರ ಏನಿತ್ತು?

ಹಕ್ಕಿ ಲೆಕ್ಕ ಇಟ್ಟಿದ್ದರೆ ಅದೇ ದಾಖಲೆ. ತಲೆ ಕೆಳಗೆ ಮಾಡಿ ಮೇಯುವ ಬಾತಿಗೆ ತೆಳು ನೀರು ಬೇಕು, ಮುಳುಗಿ ಮೀನು ಹಿಡಿಯುವ ನೀರುಕಾಗೆಗೆ ಆಳ ಬೇಕು, ಮೆಟ್ಟುಗಾಲು ಹಕ್ಕಿಗೆ ಅಂಚಿನ ಕೆಸರು ಬೇಕು. ಯಾವುದು ಎಲ್ಲಿ ನಿಂತಿದೆ ನೋಡಿದರೆ ಕೆರೆಯ ಸ್ಥಿತಿ ಗೊತ್ತಾಗುತ್ತದೆ. ಚಿಲಮತ್ತೂರು ಹತ್ತಿರದ ವೀರಾಪುರದವರು ಬಣ್ಣದ ಕೊಕ್ಕರೆಗೆ ಊರೊಳಗಿನ ಮರಗಳನ್ನೇ ಬಿಟ್ಟುಕೊಟ್ಟಿದ್ದಾರೆ. ಅವರಿಗೆ ದೊಡ್ಡ ನಮಸ್ಕಾರ. ಆದರೆ ಮರಿಗೆ ಮೀನು ಬರಬೇಕಾದ್ದು ಸುತ್ತಲ ಕೆರೆಗಳಿಂದ. ಕೆರೆ ಒಣಗಿಸಿ ಮರ ಕಾದರೆ ಏನು ಬಂತು?

ಎಣಿಸೋದು ಕಷ್ಟವಲ್ಲ. ಬೆಳಿಗ್ಗೆ ಏಳಕ್ಕೆ, ಸೂರ್ಯ ಬೆನ್ನಿಗಿರುವ ಕಡೆ ನಿಲ್ಲಿ. ಬಿಳಿ ಪಂಚೆ ಬೇಡ. ಮೊದಲು ಹತ್ತು ಹಕ್ಕಿ ಎಣಿಸಿ, ಅಂಥ ಗುಂಪು ಎಷ್ಟಿವೆ ಅಂದಾಜು ಮಾಡಿ. ರಾಶಿ ನೋಡಿಯೇ ಕ್ವಿಂಟಾಲ್ ಹೇಳುವ ಮಂಡಿ ಸಾಹುಕಾರರಿಗೆ ಇದನ್ನು ನಾನು ಕಲಿಸಬೇಕೆ? ಪಕ್ಕದಲ್ಲೇ ತೂಬಿನ ಕಲ್ಲಿಗೆ ನೀರು ಎಲ್ಲಿವರೆಗಿತ್ತು, ಯಾರ ಒಟ್ಲು ಎಷ್ಟು ಹಾಳಾಯ್ತು, ಅದನ್ನೂ ಬರೆಯಿರಿ. ಗಣತಿಗೆ ಬಂದವರ ಕೈಗೆ ಒಂದು ಪ್ರತಿ, ಪಂಚಾಯ್ತಿಗೆ ಒಂದು ಪ್ರತಿ. ಮುಂದಿನ ಮೀನು ಹರಾಜಿನ ಹೊತ್ತಿಗೆ, ಶಿವರಾತ್ರಿ ತನಕ ತೂಬು ಎತ್ತಕೂಡದು ಅಂತ ಕರಾರಿನಲ್ಲಿ ಒಂದು ಸಾಲು ಸೇರಿಸಿ ಎಂದು ಕೇಳಲು ಆಗ ನಮಗೆ ಬಾಯಿ ಇರುತ್ತದೆ.

ಕನ್ನಡದಲ್ಲಾದರೂ ಬರೆಯಿರಿ, ತೆಲುಗಿನಲ್ಲಾದರೂ ಬರೆಯಿರಿ. ನಾನಂತೂ ಇನ್ನೂರು ಪುಟದ ನೋಟ್‌ಬುಕ್ ತಂದಿಟ್ಟಿದ್ದೇನೆ.