ಆರೋಗ್ಯ ವಿಚಾರ: ಮೇದೋಜೀರಕದ ಹೊಲಿಗೆ

ಜಠರದ ಹಿಂಬದಿಯಲ್ಲಿ, ಬೆನ್ನೆಲುಬಿಗೆ ಅಡ್ಡಲಾಗಿ, ಗೇಣಿಗೂ ಕಡಮೆ ಉದ್ದದ ಮೆತ್ತನೆಯ ಗ್ರಂಥಿಯೊಂದುಂಟು. ಅದೇ ಮೇದೋಜೀರಕ. ಉಂಡ ಅನ್ನ, ಬೇಳೆ, ತುಪ್ಪಗಳನ್ನು ಅರಗಿಸತಕ್ಕ ರಸವು ಅದರಿಂದ ದಿನಕ್ಕೆ ಒಂದು ಲೀಟರಿಗೂ ಮಿಕ್ಕಿ ಒಸರುವುದು. ಈ ಗ್ರಂಥಿಯ ತಲೆಯ ಭಾಗದಲ್ಲಿ ಕ್ಯಾನ್ಸರ್ ಹುಟ್ಟಿದರೆ, ಆ ಭಾಗವನ್ನು ಸಣ್ಣ ಕರುಳಿನ ಮೊದಲ ತುಂಡಿನೊಡನೆಯೂ ಪಿತ್ತನಾಳದ ತುದಿಯೊಡನೆಯೂ ತೆಗೆದುಹಾಕುವ ಶಸ್ತ್ರಚಿಕಿತ್ಸೆಯುಂಟು. ಜರ್ಮನಿಯ ಕೌಷ್ 1912ರಲ್ಲಿಯೂ ನ್ಯೂಯಾರ್ಕಿನ ವಿಪ್ಪಲ್ 1935ರಲ್ಲಿಯೂ ಇದನ್ನು ಪ್ರಕಟಿಸಿದರು. ವಿಪ್ಪಲರ ಹೆಸರೇ ಅದಕ್ಕೆ ನಿಂತಿದೆ.

ಕತ್ತರಿಸಿದ ಮೇಲೆ, ಉಳಿದ ಗ್ರಂಥಿಯನ್ನು ಕರುಳಿಗೆ ಜೋಡಿಸುವುದು ಬಲು ಕಷ್ಟದ ಕೆಲಸ. ಗ್ರಂಥಿಯು ಮೃದುವಾಗಿದ್ದರೆ ದಾರವನ್ನು ಬಿಗಿದಾಗ ಸೀಳುವುದು, ಸಡಿಲ ಬಿಟ್ಟಾಗ ಸೋರುವುದು. ಸೋರಿದ ರಸವು ಅನ್ನವನ್ನು ಅರಗಿಸುವಂತೆಯೇ ಒಡಲಿನ ಭಾಗಗಳನ್ನೂ ಅರಗಿಸತೊಡಗುವುದು; ಕೀವು ಕಟ್ಟಬಹುದು, ಪಕ್ಕದ ರಕ್ತನಾಳವು ಒಡೆಯಬಹುದು.

ಇದನ್ನು ತಡೆಯಲು ಕೆಲವು ಶಸ್ತ್ರವೈದ್ಯರು ಗ್ರಂಥಿಯ ನಾಳವನ್ನು ಕರುಳಿನ ಒಳಪೊರೆಗೇ ನವಿರಾದ ದಾರದಿಂದ ಹೊಲಿಯುವರು. ಕೆಲವರು ಗ್ರಂಥಿಯ ತುದಿಯನ್ನೇ ಕರುಳಿನೊಳಕ್ಕೆ ತೂರಿಸಿ ಸುತ್ತಲೂ ಹೊಲಿಯುವರು. ಮತ್ತೆ ಕೆಲವರು ಜಠರಕ್ಕೆ ಸೇರಿಸುವರು. ನಾಳದಲ್ಲಿ ಸಣ್ಣ ಕೊಳವೆಯನ್ನಿಡುವುದೂ, ರಕ್ತನಾಳದ ಮೇಲೆ ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನು ಹೊದಿಸುವುದೂ ಉಂಟು. ಇವುಗಳಲ್ಲಿ ಯಾವುದೊಂದೂ ಸೋರಿಕೆಯನ್ನು ಪೂರ್ತಿಯಾಗಿ ಗೆದ್ದಿಲ್ಲ.

ಹಾಗಾದರೆ ಗೃಹಸ್ಥರು ಗಮನಿಸತಕ್ಕದ್ದೇನು? ಪಳಗಿದ ಕೈಯನ್ನು. ಅಮೆರಿಕದ ವೃದ್ಧ ರೋಗಿಗಳನ್ನು ಕುರಿತು 2002ರಲ್ಲಿ ಪ್ರಕಟವಾದ ಲೆಕ್ಕದಂತೆ, ಈ ಗ್ರಂಥಿಯ ಶಸ್ತ್ರಚಿಕಿತ್ಸೆಯು ತೀರ ಅಪರೂಪವಾಗಿದ್ದ ಆಸ್ಪತ್ರೆಗಳಲ್ಲಿ ನೂರಕ್ಕೆ ಸುಮಾರು 16 ಮಂದಿಯೂ, ವರ್ಷಕ್ಕೆ 16ಕ್ಕಿಂತ ಹೆಚ್ಚು ನಡೆಯುತ್ತಿದ್ದ ಆಸ್ಪತ್ರೆಗಳಲ್ಲಿ ಸುಮಾರು 4 ಮಂದಿಯೂ ತೀರಿಕೊಂಡಿದ್ದರು. ಕುಶಲ ವೈದ್ಯನೊಬ್ಬನಿಂದಲೇ ಈ ಅಂತರವಾಗದು. ಸೋರಿಕೆಯನ್ನು ಬೇಗ ಗುರುತಿಸುವ ದಾದಿಯರೂ, ರಾತ್ರಿಯಲ್ಲಿಯೂ ರಕ್ತಸ್ರಾವವನ್ನು ನಿಲ್ಲಿಸಬಲ್ಲ ಸಿಬ್ಬಂದಿಯೂ ಅಲ್ಲಿರಬೇಕು.

ಆದುದರಿಂದ, "ಇಲ್ಲಿ ವರ್ಷಕ್ಕೆ ಇಂಥವು ಎಷ್ಟು ನಡೆಯುತ್ತವೆ?" ಎಂದು ವೈದ್ಯರನ್ನು ವಿನಯದಿಂದ ಕೇಳುವುದು ಅವಿಶ್ವಾಸವಲ್ಲ. ಚಿಕಿತ್ಸೆಯ ತರುವಾಯ ಹೊಟ್ಟೆಯಿಂದ ಹೊರಬಂದಿರುವ ಕೊಳವೆಯನ್ನು ಕಂಡು ಗಾಬರಿಗೊಂಡು, ತೆಗೆಯಿರೆಂದು ಒತ್ತಾಯಿಸಬಾರದು. ಅದರಲ್ಲಿ ಬರುವ ನೀರನ್ನು ಪರೀಕ್ಷಿಸಿಯೇ ಸೋರಿಕೆಯಿದೆಯೋ ಇಲ್ಲವೋ ತಿಳಿಯುವರು. ಮನೆಗೆ ಬಂದ ಮೇಲೆ ಜ್ವರ, ಹೊಟ್ಟೆನೋವು, ರಕ್ತವಾಂತಿ ಅಥವಾ ಕಪ್ಪು ಮಲ ಕಂಡರೆ, ಕಷಾಯ ಕಾಯಿಸುತ್ತ ಕೂಡದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.