ಮೊದಲು ನೀರು, ಅನಂತರ ಕತ್ತರಿ

ಅಮೆರಿಕದ ನೆವಾಡಾ ರಾಜ್ಯದ ರೀನೋ ಪಟ್ಟಣದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯಿದ್ದನು. ಕೂಲಿಗಾರನೊಬ್ಬನ ಹೆಂಡತಿ ತನ್ನ ಗಂಡನಿಗೆ ಬೇಗ ಹರಿಯದ ಷರಾಯಿ ಬೇಕೆಂದಾಗ, ಅವನು ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿದನು. 1873ರಲ್ಲಿ ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸನೊಡಗೂಡಿ ಅದಕ್ಕೆ ಪೇಟೆಂಟ್ ಪಡೆದನು. ಜಗತ್ತೇ ತೊಡುವ ಜೀನ್ಸ್ ಮೊದಲು ಹುಟ್ಟಿದ್ದು ಒಬ್ಬನ ಅಳತೆಗೆ, ಒಬ್ಬಳ ಕೋರಿಕೆಯಿಂದ.

ಮನೆಯಲ್ಲೇ ಜೀನ್ಸ್ ಹೊಲಿಯಬಯಸುವ ಗೃಹಿಣಿಗೆ ಆತುರ ಸಲ್ಲದು. ಡೆನಿಮ್ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಕತ್ತರಿಸಿದ ಮೇಲೆ ಕುಗ್ಗಿದರೆ ಶ್ರಮವೆಲ್ಲ ವ್ಯರ್ಥ. ಯಂತ್ರಕ್ಕೆ 16ನೆಯ ನಂಬರಿನ ಸೂಜಿ ಇರಲಿ. ಕಾಲಿನ ಒಳ ಅಂಚುಗಳನ್ನು ಒಂದರೊಳಗೊಂದು ಮಡಿಚಿ ಎರಡು ಸಾಲು ಹೊಲಿಯಬೇಕು. ಹೊಲಿಗೆಗಳು ಕೂಡುವ ದಪ್ಪ ಜಾಗದಲ್ಲಿ ಸೂಜಿ ಮುರಿಯುವುದುಂಟು; ಅಲ್ಲಿ ಚಕ್ರವನ್ನು ಕೈಯಿಂದಲೇ ತಿರುಗಿಸುವುದು ಲೇಸು.

ಅಂಗಡಿಯ ಷರಾಯಿಗೆ ಸೊಂಟವೇ ಹೊಂದಿಕೊಳ್ಳಬೇಕು. ಮನೆಯ ಷರಾಯಿ ಸೊಂಟಕ್ಕೆ ಹೊಂದಿಕೊಳ್ಳುತ್ತದೆ.